ಅರವತ್ತೆರಡನೆಯ ಮೆಸೇಜು

"ಅರವತ್ತೊಂದು ಮೆಸೇಜು ಸಿಕ್ಕವೆ ಕಣಮ್ಮ. ಕೇಸಿಗೆ ಇಷ್ಟು ಸಾಕು," ಎನ್ನುತ್ತ ಚಂದ್ರಲೇಖಾ ಮೇಘಶ್ರೀಯ ಮೊಬೈಲಿಗೆ ಸಿಕ್ಕಿಸಿದ್ದ ವೈರು ಬಿಡಿಸಿದರು. ಕೃಷ್ಣಗಿರಿಯ ಸೈಬರ್ ಠಾಣೆಯಲ್ಲಿ ಫೋನುಗಳ ತಪಾಸಣೆ ಅವರದೇ.

ಮೇಘಶ್ರೀ ಏಳಲಿಲ್ಲ. ಹೊಸೂರಿನ ಫ್ಯಾಕ್ಟರಿ ಹಾಸ್ಟೆಲಿನ ಹುಡುಗಿಯರ ವಾಟ್ಸಾಪ್ ಗುಂಪಿನಲ್ಲಿ ನಾಲ್ಕು ಜನ ತನ್ನ ಬಗ್ಗೆ ಬರೆದದ್ದೆಲ್ಲ ಅವಳಿಗೆ ಬಾಯಿಪಾಠವಾಗಿತ್ತು. ಸೂಪರ್‌ವೈಸರಿಗೆ ಚಾಡಿ ಹೇಳುವವಳು, ಅವನ ಹಿಂದೆ ಬಿದ್ದವಳು. ಮೂರು ವಾರ ಊಟದ ಹೊತ್ತಿನಲ್ಲಿ ಅವಳ ಪಕ್ಕ ಯಾರೂ ಕೂರಲಿಲ್ಲ. ಅದನ್ನೂ ನುಂಗಿಕೊಂಡಿದ್ದಳು. ನುಂಗಲಾಗದ್ದು ಒಂದೇ: ಪಕ್ಕದ ಮಂಚದ ಉಷಾರಾಣಿಯೂ ಅಲ್ಲಿ ಏನೋ ಬರೆದು, ಇವಳು ಓದುವುದರೊಳಗೆ ಅಳಿಸಿದ್ದಳು.

"ಮೇಡಂ, ಉಷಾ ಅಳಿಸ್ಬುಟ್ಟವಳಲ್ಲ, ಅದು?"

"ಅದು ಇದ್ರಲ್ಲಿ ಬರಲ್ಲ. ಇನ್ನೊಂದ್ ಬೈಗುಳ ಯಾಕಮ್ಮ ನಿಂಗೆ?"

"ಬರ್ದವ್ಳೇ ನಾಚ್ಕೊಂಡು ಅಳಿಸೋವಷ್ಟು ಏನ್ ಬರ್ದಿದ್ಳೋ ಅಂತ... ಅದ್ಕೇ ಮೇಡಂ, ಕೆಲ್ಸ ಬಿಟ್ಟು ನಮ್ಮೂರು ಡೆಂಕಣಿಕೋಟೆಗೆ ಬಂದ್ಬುಟ್ಟೆ. ಎರಡು ತಿಂಗ್ಳಿಂದ ದಿನಾ ಒಂದೊಂದು ನಾನೇ ಊಹಿಸ್ಕತಾ ಇದೀನಿ."

ಚಂದ್ರಲೇಖಾ ಅವಳನ್ನೇ ನೋಡಿದರು. "ಈ ಸಾಫ್ಟ್‌ವೇರು ಕಣ್ಣಿಗೆ ಕಾಣೋದನ್ನಷ್ಟೇ ನಕಲು ತೆಗೆಯುತ್ತೆ. ಇನ್ನೊಂದೈತೆ, ಫೋನಿನ ಒಳಗೆಲ್ಲಾ ಕೆದಕುತ್ತೆ. ಬಂದ ನೋಟಿಫಿಕೇಶನ್ ಗುರುತೂ ಬಿಡಲ್ಲ. ಸಿಗುತ್ತೆ ಅಂತ ಮಾತ್ರ ಹೇಳಕ್ಕಾಗಲ್ಲ. ಸಾಯಂಕಾಲದ ತನಕ ಕಾಯ್ತೀಯಾ?"

ಮೇಘಶ್ರೀ ಹೊರಗಿನ ಬೆಂಚಿನಲ್ಲಿ ಕಾದಳು. ಕೈಯಲ್ಲಿ ಫೋನಿಲ್ಲ, ಇದ್ದರೂ ಕರೆ ಮಾಡಲು ಯಾರೂ ಇರಲಿಲ್ಲ. ಮನೆಯಲ್ಲಿ ಸೊಂಟನೋವೆಂದು ಹೇಳಿ ಕೆಲಸ ಬಿಟ್ಟವಳು, ಇವತ್ತೂ ಆಸ್ಪತ್ರೆಗೆಂದೇ ಹೇಳಿ ಬಂದಿದ್ದಳು.

ನಾಲ್ಕೂವರೆಗೆ ಒಳಗೆ ಕರೆದರು. ಚಂದ್ರಲೇಖಾ ಪರದೆಯನ್ನು ಅವಳತ್ತ ತಿರುಗಿಸಿದರು.

'ಮೇಘಾ ಅಂಥವಳಲ್ಲ ಕಣ್ರೇ. ಪಾಪ, ಬಿಟ್ಬಿಡ್ರೇ.'

ಮೇಘಶ್ರೀ ಎರಡು ಸಲ ಓದಿದಳು. ಮೂರನೆಯ ಸಲಕ್ಕೆ ಅಕ್ಷರ ಕಾಣಲಿಲ್ಲ.

"ಎಷ್ಟೊತ್ತು ಇತ್ತು ಮೇಡಂ, ಇದು?"

"ಹದಿನೇಳು ಸೆಕೆಂಡು. ಎಲ್ಲಿ ತನ್ನ ಮೇಲೂ ತಿರುಗಿ ಬೀಳ್ತಾರೋ ಅಂತ ಹೆದರ್ಕೊಂಡಿರ್ಬೇಕು."

ಸಹಿ ಹಾಕಿ ಫೋನು ಪಡೆದಳು. ಊರಿನ ಬಸ್ಸು ಹೊರಡುವ ಮುಂಚೆಯೇ ವಾಟ್ಸಾಪಿನಲ್ಲಿ ಉಷಾರಾಣಿಯ ಹೆಸರು ಹುಡುಕಿ ಒತ್ತಿದಳು. ಈ ನಂಬರನ್ನು ನೀವು ಬ್ಲಾಕ್ ಮಾಡಿದ್ದೀರಿ ಎಂದಿತು ಪರದೆ. ಹಾಸ್ಟೆಲು ಬಿಟ್ಟ ದಿನ ಬೆಳಿಗ್ಗೆ, ಉಷಾ ಶಿಫ್ಟು ಮುಗಿಸಿ ಬರುವ ಮೊದಲೇ, ಎಲ್ಲರಿಗಿಂತ ಮುಂಚೆ ಬ್ಲಾಕ್ ಮಾಡಿದ್ದು ಅವಳನ್ನೇ.

ಈ ಎರಡು ತಿಂಗಳಲ್ಲಿ ಉಷಾ ಏನಾದರೂ ಬರೆದಿದ್ದರೆ, ಅದು ಈ ಫೋನಿಗೆ ಬಂದೇ ಇಲ್ಲ. ಯಾವ ಸಾಫ್ಟ್‌ವೇರೂ ಅದನ್ನು ಕೆದಕಿ ತೆಗೆಯಲಾರದು.