ಹುಣ್ಣಿಮೆಯ ಬೀಗ

ಸತ್ಯನಾರಾಯಣ ಪೂಜೆಗೆ ಜನ ಬರುವ ಹೊತ್ತಾಗುತ್ತಿದ್ದಂತೆ ದಯಾನಂದ ಬೀಗ ಹಿಡಿದು ಒಳಕೋಣೆಯ ಬಾಗಿಲಿಗೆ ಬಂದರು. ಉಮಾವತಿ ಅಡ್ಡ ನಿಂತಳು. ಒಳಗೆ ಅವಳ ಗಂಡ ತಾರಾನಾಥ ಹೊಸ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದ.

ತಲೆ ಕೆಟ್ಟು, ಮದ್ದು ತಿಂದು ಚೇತರಿಸಿಕೊಂಡ ತಮ್ಮನ ಸಂಸಾರವನ್ನು ಕೋಪರಿಯ ಈ ಮನೆಯಲ್ಲಿ ಇಟ್ಟುಕೊಂಡದ್ದು ದಯಾನಂದರ ದೊಡ್ಡತನವೇ, ಇಲ್ಲವೆನ್ನುವಂತಿಲ್ಲ. ಆದರೆ ಹುಣ್ಣಿಮೆ ಬಂತೆಂದರೆ ಅವರಿಗೆ ಎದೆ ಢವಢವ. ಸಂಜೆಗೇ ಬೀಗ ಬೀಳುತ್ತಿತ್ತು. ಒಳಗಿನಿಂದ ತಾರಾನಾಥ ಬಾಗಿಲು ಬಡಿದು ಕೂಗಾಡುತ್ತಿದ್ದ. ಹುಣ್ಣಿಮೆಗೆ ಏರಿತು ನೋಡಿ ಎಂದು ಅವರು ತಲೆಯಾಡಿಸುತ್ತಿದ್ದರು. ಈ ಸಲವೂ ಕೂಗಿದರೆ ನಾಳೆ ಬೆಳಿಗ್ಗೆಯೇ ಆಸ್ಪತ್ರೆಗೆ ಸೇರಿಸುವುದೆಂದು ಅವರೇ ತೀರ್ಮಾನಿಸಿದ್ದರು.

ಖಾರಘರದ ಕಾಲೇಜಿನಲ್ಲಿ ಇಂಗ್ಲಿಷ್ ಓದುವ ಉಮಾವತಿಯ ಮಗಳು ಅಶ್ಮಿತಾ ನಡುವೆ ಬಾಯಿ ಹಾಕಿದಳು. ಇದೆಲ್ಲ ಹಳೆಗಾಲದ ಮೂಢನಂಬಿಕೆ, ಹುಚ್ಚರಿಗೆ ಇಂಗ್ಲಿಷಿನಲ್ಲಿ ಲೂನಾಟಿಕ್ ಎಂಬ ಮಾತು ಹುಟ್ಟಿದ್ದೇ ಹೀಗೆ, ಲ್ಯಾಟಿನ್ನಿನಲ್ಲಿ ಲೂನಾ ಎಂದರೆ ಚಂದ್ರ ಎಂದು ದೊಡ್ಡಪ್ಪನಿಗೆ ಬಿಡಿಸಿ ಹೇಳಿದಳು. ಪಾಪ, ಕೋಲು ಕೊಟ್ಟು ಪೆಟ್ಟು ತಿಂದ ಹಾಗಾಯಿತು.

"ನೋಡಿದ್ಯಾ ಉಮಾ? ಇಂಗ್ಲಿಷಿನವರಿಗೂ ಗೊತ್ತಿತ್ತು. ಬದಿಗೆ ಬಾ."

ಉಮಾವತಿ ಕದಲಲಿಲ್ಲ. ಡಾಕ್ಟರ ಬಾಯಲ್ಲಿ ಇನ್‌ಸೇನ್ ಎಂಬ ಮಾತು ಅವಳು ಕೇಳಿದ್ದಳು. ಅದಕ್ಕೇನರ್ಥ ಎಂದು ಮಗಳನ್ನು ಕೇಳಿದಳು.

"ಅದೂ ಲ್ಯಾಟಿನ್ನೇ. ಹೆಲ್ದಿ ನಹೀ, ಬಸ್. ಹುಷಾರಿಲ್ಲ ಅಂತ."

"ಕೇಳಿದ್ರಲ್ಲ ಭಾವ? ಹುಷಾರಿಲ್ಲದವ್ರಿಗೆ ಗಂಜಿ ಕೊಡುದು, ಬೀಗ ಹಾಕುದಲ್ಲ. ಇವತ್ತು ಪ್ರಸಾದ ಇವ್ರೇ ಮಾಡ್ತಾರೆ. ಇವ್ರು ಕೂಗಿದ್ರೆ ನಾಳೆ ನಾನೇ ಕರ್ಕೊಂಡು ಹೋಗಿ ಸೇರಿಸ್ತೇನೆ."

ಭಾವನೆದುರು ಎಂದೂ ದನಿಯೆತ್ತದವಳು ಅವರ ಕೈಯಿಂದಲೇ ಬೀಗ ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು.

ಎಷ್ಟೋ ವರ್ಷ ಹೋಟೆಲಿನ ಒಲೆಯೆದುರು ನಿಂತ ತಾರಾನಾಥ ರವೆ ಹುರಿದ. ತುಪ್ಪದ ಘಮ ಮೆಟ್ಟಿಲವರೆಗೂ ಇಳಿಯಿತು. ಭಟ್ಟರು ಕಥೆ ಓದುತ್ತಿದ್ದಾಗ ಎದುರು ಬಿಲ್ಡಿಂಗಿನ ನೀರಿನ ಟ್ಯಾಂಕಿಯ ಮೇಲೆ ಚಂದ್ರ ಬಂದ. ಉಮಾವತಿಗೆ ಕಥೆ ಒಂದಕ್ಷರವೂ ಕಿವಿಗೆ ಬೀಳಲಿಲ್ಲ, ಜೀವವೆಲ್ಲ ಅಡುಗೆಮನೆಯಲ್ಲಿತ್ತು. ಅಲ್ಲಿಂದ ಸೌಟಿನ ಸದ್ದಷ್ಟೇ ಬರುತ್ತಿತ್ತು.

ಜನ ಉಂಡು ಹೊರಟ ಮೇಲೆ ದಯಾನಂದ ಎಲೆಯ ಚೂರು ಹಿಡಿದು ಎರಡನೇ ಸಲ ಪ್ರಸಾದಕ್ಕೆ ಬಂದರು.

"ತಾರಾ, ಪ್ರತಿ ಹುಣ್ಣಿಮೆಗೂ ಯಾಕೆ ಮಾರಾಯ ಹಾಗೆ ಕೂಗ್ತಿದ್ದೆ?"

ತಾರಾನಾಥ ಅಣ್ಣನ ಎಲೆಗೆ ಇನ್ನೊಂದು ಸೌಟು ಬಡಿಸಿದ.

"ಬಾಗಿಲು ತೆಗೀಲಿ ಅಂತ, ಅಣ್ಣ."