ಗಿಡದ ಮೇಲಿನ ನೆರಳು

ಸರಿತಾ ಗಿಡದ ಬುಡಕ್ಕೆ ಕೈ ಹಾಕುವಷ್ಟರಲ್ಲಿ ಮರೆಮ್ಮ ತಡೆದಳು. "ನೆರಳ ಬಿದ್ದಾಗ ಗಿಡ ಕಿತ್ತಬಾರ್ದ್ರಿ ಮೇಡಂ. ಈ ಕಡಿ ಬಂದು ಕುಂದ್ರಿ."

ಭಂಕೂರಿನ ಪಾಳುಬಿದ್ದ ಕಲ್ಲಿನ ಖಣಿಯ ಅಂಚಿನಲ್ಲಿತ್ತು ಆ ಗಿಡ. ಕಾಡುಗಿಡಗಳ ಪಟ್ಟಿ ಮಾಡುತ್ತಿದ್ದ ಸರಿತಾಳಿಗೆ ಅದು ಹೊಸದು. ನಾಟಿ ಔಷಧ ಕೊಡುವ ಮರೆಮ್ಮನಿಗೆ ಹಳೆಯದು. ಹತ್ತು ವರ್ಷದ ಹಿಂದೆ ಇದನ್ನೇ ಕೀಳಲು ಬಗ್ಗಿದ ಅವಳ ಮಗಳು ಖಣಿಯಲ್ಲಿ ನಿಂತ ನೀರಿನ ಪಾಲಾಗಿದ್ದಳು.

ಸರಿತಾ ಅಂಚು ಬಿಟ್ಟು ಈಚೆ ಬಂದು, ಸೂರ್ಯನಿಗೆ ಮುಖ ಮಾಡಿ ಕುಳಿತಳು. ಅವಳ ನೆರಳು ಬೆನ್ನ ಹಿಂದೆ ಹೋಯಿತು. ಗಿಡದ ಮೇಲೆ ಮಾತ್ರ ಎರಡು ಜಡೆಯ ನೆರಳೊಂದು ಹಾಗೇ ಬಗ್ಗಿಕೊಂಡಿತ್ತು.

ಮರೆಮ್ಮ ಅಂಚಿನ ಖಾಲಿ ಜಾಗ ನೋಡುತ್ತ ಮೆಲ್ಲಗೆ ಅಂದಳು: "ಜರಾ ಸರಿ ನನ್ನವ್ವ, ಮೇಡಂ ಕಿತ್ಕೊಳ್ಳಲಿ."

ನೆರಳು ಸರಿಯಿತು.