ಎರಡು ತೋಳಿನ ಅಂಗಿ

"ಸಮವಸ್ತ್ರಕ್ಕೆ ಎರಡೇ ತೋಳು. ಮಿಕ್ಕ ಎರಡು ಕೈ ಒಳಗೆ ಕಟ್ಟಿಬಿಡು," ಎಂದ ದಳಪತಿ. ಸಾಮ್ರಾಜ್ಯದ ಬಾಹ್ಯಾಕಾಶ ಪಡೆಗೆ ಸೇರಿದ ನಾಲ್ಕು ಕೈಯ ಕುಲದ ಮೊದಲ ಹುಡುಗಿ ಹಡಗಿನ ದರ್ಜಿಯ ಮುಂದೆ ಸೆಟೆದು ನಿಂತಿದ್ದಳು.

ದರ್ಜಿ ಅವಳ ಕೆಳಗಿನ ಕೈಗಳನ್ನು ಮಡಚಿ ಪಟ್ಟಿ ಸುತ್ತಿದ. ಅವಳು ತುಟಿ ಕಚ್ಚಿದ್ದು ಕಂಡು, "ಮೂರು ತಿಂಗಳು ತಡ್ಕೋ ತಾಯಿ, ಆಮೇಲೆ ಜೋಮು ಹಿಡಿಯೋದು ನಿಲ್ಲುತ್ತೆ," ಎಂದುಬಿಟ್ಟ.

"ನಿನಗೆ ಹೇಗಯ್ಯಾ ಗೊತ್ತು?" ದಳಪತಿ ಥಟ್ಟನೆ ತಿರುಗಿದ.

ದರ್ಜಿ ತಲೆ ತಗ್ಗಿಸಿ ಪಟ್ಟಿಯ ಗಂಟು ಸರಿಪಡಿಸತೊಡಗಿದ. ಕುಲ ಮುಚ್ಚಿಟ್ಟು ಪಡೆ ಸೇರಿದವರಿಗೆ ಜೈಲೇ ಗತಿ. "ಯಾರೋ ಹೇಳಿದ್ರು ಸಾರ್." ದಳಪತಿ ನಕ್ಕು ಬಾಗಿಲತ್ತ ನಡೆದ. ಹುಡುಗಿ ಮಾತ್ರ ದರ್ಜಿಯ ದೊಗಲೆ ಅಂಗಿಯನ್ನೇ ನೋಡುತ್ತಾ ಪಿಸುಗುಟ್ಟಿದಳು: "ಮಾಮಾ, ನೀವು ಕಟ್ಕೊಂಡು ಎಷ್ಟು ವರ್ಷ ಆಯ್ತು?"

"ಇಪ್ಪತ್ತೆರಡು," ಎಂದ ದರ್ಜಿ, ಪಟ್ಟಿಯನ್ನು ಇನ್ನಷ್ಟು ಬಿಗಿಯುತ್ತಾ.